ಹಳೇ ಕೈಗಡಿಯಾರ ಯಾವ ಮಾಡೆಲ್ ಅಂತ ಪತ್ತೆ ಹಚ್ಚುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ವಾಚ್ ಕೈಗೆ ಸಿಕ್ಕವರು ಮೊದಲು ಕೇಳುವುದು "ಇದು ಯಾವುದು?" ಅಂತ. ಆಮೇಲೆ "ಅಸಲೀನಾ?" ಅಂತ. ಎರಡಕ್ಕೂ ಉತ್ತರ ಒಂದೇ ಕಡೆ ಸಿಗುವುದಿಲ್ಲ. ಮುಚ್ಚಳ ಒಂದು ಹೇಳುತ್ತದೆ, ಡಯಲ್ ಒಂದು ಹೇಳುತ್ತದೆ, ಒಳಗಿನ ಮಷೀನ್ ಇನ್ನೊಂದು ಹೇಳುತ್ತದೆ. ಮೂರೂ ಒಂದೇ ಮಾತಾಡಿದರೆ ಮಾತ್ರ ವಾಚಿನ ಗುರುತು ಸಿಕ್ಕಿತು ಅಂತ ಲೆಕ್ಕ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವುದು ಆಮೇಲೆ.

## ಮೊದಲ ನೋಟ

ಅಜ್ಜನ ಪೆಟ್ಟಿಗೆಯಲ್ಲಿ ಒಂದು ವಾಚ್ ಸಿಕ್ಕಿತು. ಎಲ್ಲಿಂದ ನೋಡಲು ಶುರು ಮಾಡಲಿ?

ಮೊದಲು ಒರೆಸಬೇಡಿ, ಪಾಲಿಶ್ ಮಾಡಿಸಬೇಡಿ. ಇದ್ದ ಹಾಗೇ ನಾಲ್ಕು ಕಡೆ ನೋಡಿ. ಡಯಲ್ ಮೇಲಿನ ಅಕ್ಷರಗಳು, ಅದರಲ್ಲೂ 6ರ ಕೆಳಗೆ ಅಂಚಿನಲ್ಲಿರುವ ಸಣ್ಣ ಅಕ್ಷರಗಳು. ಮುಚ್ಚಳದ ಹೊರಗೆ ಕೊರೆದಿರುವುದು. ಮುಚ್ಚಳದ ಒಳಗೆ ಒತ್ತಿರುವುದು. ಕೊನೆಗೆ ಮಷೀನ್ ಮೇಲಿನ ಗುರುತು. ಮುಚ್ಚಳ ತೆಗೆಯದೆ ಮೊದಲ ಎರಡನ್ನು ನೋಡಬಹುದು, ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು ಇಟ್ಟುಕೊಳ್ಳಿ. ಬೆಲ್ಟು ಬಿಚ್ಚಿ, ಬೆಲ್ಟು ಸಿಕ್ಕಿಸುವ ಜಾಗದ ಅಗಲ ಅಳೆಯಿರಿ. ಕೀ ಕೊಡುವ ಗುಬ್ಬಿಯನ್ನು ಬಿಟ್ಟು ಕೇಸಿನ ಅಗಲ ಅಳೆಯಿರಿ. ನೋಡಲು ಒಂದೇ ಥರ ಇರುವ ಎರಡು ಮಾಡೆಲ್‌ಗಳನ್ನು ಬೇರೆ ಮಾಡುವುದು ಹಲವು ಸಲ ಈ ಎರಡು ಅಳತೆಗಳೇ.

ಮಾಡೆಲ್, ರೆಫರೆನ್ಸ್, ಕ್ಯಾಲಿಬರ್, ಸೀರಿಯಲ್ ಎಲ್ಲ ಒಂದೇ ಅಲ್ವಾ?

ಅಲ್ಲ. ಅರ್ಧ ಗೊಂದಲ ಇಲ್ಲೇ ಹುಟ್ಟುವುದು. ಮಾಡೆಲ್ ಅಂದರೆ ಮಾರಲು ಇಟ್ಟ ಹೆಸರು: ಸೀಮಾಸ್ಟರ್, ಸಬ್‌ಮರಿನರ್, ಹೀಗೆ. ಒಂದೇ ಹೆಸರಲ್ಲಿ ನೂರಾರು ಬೇರೆ ಬೇರೆ ವಾಚ್‌ಗಳು ಬಂದಿರುತ್ತವೆ. ಅದರಲ್ಲಿ ಯಾವುದು ಅಂತ ಹೇಳುವ ನಂಬರೇ ರೆಫರೆನ್ಸ್. ಕ್ಯಾಲಿಬರ್ ಅಂದರೆ ಒಳಗಿನ ಮಷೀನಿನ ನಂಬರ್. ಸೀರಿಯಲ್ ಆ ಒಂದು ವಾಚಿನದ್ದು ಮಾತ್ರ.

"ನನ್ನದು ಸೀಮಾಸ್ಟರ್" ಅಂದರೆ "ನಮ್ಮನೆ ಬೀದಿಯಲ್ಲಿದೆ" ಅಂದ ಹಾಗೆ. ಬಾಗಿಲ ನಂಬರ್ ಬೇಕು.

ಡಯಲ್ ಮೇಲೆ 'ಇನ್‌ಕಾಬ್ಲಾಕ್' ಅಂತ ದೊಡ್ಡದಾಗಿದೆ. ಅದೇ ಮಾಡೆಲ್ ಹೆಸರಾ?

ಅಲ್ಲ. ಇನ್‌ಕಾಬ್ಲಾಕ್ ಅಂದರೆ ವಾಚ್ ಕೆಳಗೆ ಬಿದ್ದಾಗ ಬ್ಯಾಲೆನ್ಸ್ ಚಕ್ರದ (ಅತ್ತಿತ್ತ ಆಡುತ್ತಾ ವಾಚಿನ ಲಯ ಕಾಯುವ ಚಕ್ರ) ತುದಿ ಮುರಿಯದಂತೆ ಕಾಪಾಡುವ ಒಂದು ಸ್ಪ್ರಿಂಗ್ ವ್ಯವಸ್ಥೆ. ಹತ್ತಾರು ಕಂಪನಿಗಳು ಅದನ್ನೇ ಬಳಸಿದವು. '17 ಜ್ಯೂವೆಲ್ಸ್', 'ಆಂಟಿಮ್ಯಾಗ್ನೆಟಿಕ್', 'ಶಾಕ್‌ಪ್ರೂಫ್' ಕೂಡ ಹೀಗೇ, ಗುಣಗಳ ಪಟ್ಟಿ ಅಷ್ಟೆ. ಮುಚ್ಚಳದ ಮೇಲೆ 'ಬ್ರೆವೆ' ಅಂತ ಇದ್ದು ಪಕ್ಕದಲ್ಲಿ ನಂಬರ್ ಇದ್ದರೆ ಅದು ಪೇಟೆಂಟ್ ನಂಬರ್. ಅದನ್ನು ರೆಫರೆನ್ಸ್ ಅಂದುಕೊಂಡು ತಿಂಗಳುಗಟ್ಟಲೆ ಹುಡುಕಿದವರನ್ನು ನೋಡಿದ್ದೇನೆ.

ಹಿಂದುಗಡೆ 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಅಂತ ಬರೆದಿದೆ. ಪೂರ್ತಿ ಸ್ಟೀಲ್ ತಾನೆ?

ಬರೆದದ್ದನ್ನು ಇನ್ನೊಂದು ಸಲ ಓದಿ. 'ಬ್ಯಾಕ್' ಅಂತಿದೆ. ಹಿಂದಿನ ಮುಚ್ಚಳ ಮಾತ್ರ ಸ್ಟೀಲು, ಉಳಿದದ್ದು ಸಾಮಾನ್ಯವಾಗಿ ಹಿತ್ತಾಳೆಗೆ ಕ್ರೋಮ್ ಅಥವಾ ಚಿನ್ನದ ಲೇಪ. ಬೆಲ್ಟಿನ ಹತ್ತಿರದ ಮೂಲೆಗಳನ್ನು ನೋಡಿ. ಲೇಪ ಸವೆದು ಹಳದಿ ಲೋಹ ಇಣುಕುತ್ತಿದ್ದರೆ ಅನುಮಾನವೇ ಬೇಡ. ಇದು ದೋಷ ಏನಲ್ಲ. ಆದರೆ ನಿಮ್ಮ ರೆಫರೆನ್ಸ್ ಪೂರ್ತಿ ಸ್ಟೀಲಿನದ್ದಾಗಿದ್ದು ಕೇಸು ಹಿತ್ತಾಳೆಯದ್ದಾಗಿದ್ದರೆ, ಕೇಸು ಬೇರೆ ವಾಚಿನದ್ದು.

'20 ಮೈಕ್ರಾನ್ಸ್' ಅಂತಿದ್ದರೆ ಅದು ಚಿನ್ನದ ಲೇಪದ ದಪ್ಪ. ನಿಜವಾದ ಚಿನ್ನದ ಸ್ವಿಸ್ ಕೇಸಿನ ಒಳಗೆ ಬೇರೆಯೇ ಮುದ್ರೆ ಇರುತ್ತದೆ: 18 ಕ್ಯಾರಟ್‌ಗೆ ಹೆಲ್ವೇಷಿಯಾ ಎಂಬ ಹೆಂಗಸಿನ ತಲೆ, 14 ಕ್ಯಾರಟ್‌ಗೆ ಅಳಿಲು. 1995ರಿಂದ ಇವುಗಳ ಜಾಗಕ್ಕೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂತು. ಹಾಗಾಗಿ 1960ರ ವಾಚ್ ಅಂತ ಹೇಳಿ ನಾಯಿಯ ತಲೆ ತೋರಿಸಿದರೆ ಸುಮ್ನೆ ಎದ್ದು ಬನ್ನಿ.

ಮುಚ್ಚಳ ನಾನೇ ತೆಗೆಯಬಹುದಾ?

ಅಂಚಿನಲ್ಲಿ ಉಗುರು ಸಿಕ್ಕುವಷ್ಟು ಸಣ್ಣ ಸಂದು ಇದ್ದರೆ ಅದು ಒತ್ತಿ ಕೂರಿಸಿದ ಮುಚ್ಚಳ. ಸುತ್ತ ಹಲ್ಲಿನಂತೆ ಕಚ್ಚುಗಳಿದ್ದರೆ ತಿರುಪಿನದ್ದು. ತಿರುಪಿನ ಮುಚ್ಚಳಕ್ಕೆ ಕತ್ತರಿ, ಕಟಿಂಗ್ ಪ್ಲೇಯರ್ ಹಾಕಬೇಡಿ. ರಬ್ಬರ್ ಚೆಂಡನ್ನು ಗಟ್ಟಿಯಾಗಿ ಒತ್ತಿ ತಿರುಗಿಸಿದರೆ ಎಷ್ಟೋ ಮುಚ್ಚಳಗಳು ಗೀರು ಬೀಳದೆ ಬಿಚ್ಚಿಕೊಳ್ಳುತ್ತವೆ. ಎರಡೂ ಕಾಣದಿದ್ದರೆ ಅದು ಗ್ಲಾಸಿನ ಕಡೆಯಿಂದ ಬಿಚ್ಚುವ ಒಂದೇ ತುಂಡಿನ ಕೇಸ್ ಇರಬಹುದು. ಅದರ ಗೊಡವೆಗೆ ಹೋಗದೆ ವಾಚ್ ರಿಪೇರಿಯವರ ಮುಂದೆ ಕೂತು ತೆಗೆಸಿ, ಫೋಟೋ ತೆಗೆದುಕೊಳ್ಳಿ. ಎಲ್ಲಕ್ಕಿಂತ ಮುಂಚೆ ಕೆಳಗಿನ ರೇಡಿಯಂ ಪ್ರಶ್ನೆ ಓದಿ.

ಮುಚ್ಚಳದ ಒಳಗೆ ಸೂಜಿಯಲ್ಲಿ ಗೀಚಿದ ನಂಬರ್‌ಗಳಿವೆ. ಇದು ಸೀರಿಯಲ್ಲಾ?

ರಿಪೇರಿಯವರು ಹಾಕಿಕೊಂಡ ಗುರುತು ಅದು. ಯಾವಾಗ ತೊಳೆದು ಎಣ್ಣೆ ಹಾಕಿದ್ದು, ಯಾವ ಪುಸ್ತಕದ ಯಾವ ಸಾಲಿನ ಕೆಲಸ, ಇಂಥದ್ದು. ಕಂಪನಿಯ ನಂಬರ್ ಅಚ್ಚಿನಲ್ಲಿ ಒತ್ತಿದಂತೆ ಸಮನಾಗಿರುತ್ತದೆ. ಗೀಚಿದ್ದು ಕೈಬರಹ. ಮಾಡೆಲ್ ಪತ್ತೆಗೆ ಅದರಿಂದ ಉಪಯೋಗವಿಲ್ಲ, ಆದರೆ ಅಳಿಸಬೇಡಿ. ಒಂದು ಮುಚ್ಚಳದಲ್ಲಿ ನಾಲ್ಕು ಕೈಬರಹ ಕಂಡರೆ ಆ ವಾಚನ್ನು ಕನಿಷ್ಠ ನಾಲ್ಕು ಸಲ ಯಾರೋ ಬಿಚ್ಚಿದ್ದಾರೆ. ಬಿಡಿಭಾಗ ಬದಲಾಗಿರುವ ಸಾಧ್ಯತೆಯೂ ಅಷ್ಟೇ ಜಾಸ್ತಿ.

## ನಂಬರ್ ಓದುವುದು

ನನ್ನ ಸೀಕೋ ಹಿಂದೆ ಎರಡು ನಂಬರ್ ಇದೆ. ಯಾವುದು ಏನು?

ಹಳೇ ವಾಚ್‌ಗಳಲ್ಲಿ ಸೀಕೋದಷ್ಟು ಸಲೀಸಾಗಿ ಗುರುತು ಬಿಟ್ಟುಕೊಡುವುದು ಕಡಿಮೆ. ನಡುವೆ ಅಡ್ಡಗೆರೆ ಇರುವ ನಂಬರ್, ಉದಾಹರಣೆಗೆ 6139-6002. ಮೊದಲ ನಾಲ್ಕು ಅಂಕೆ ಮಷೀನ್, ಕೊನೆಯ ನಾಲ್ಕು ಕೇಸ್. ಅಂದರೆ 6139 ಎಂಬ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಇರುವ) ಮಷೀನನ್ನು 6002 ಎಂಬ ಕೇಸಿನಲ್ಲಿ ಕೂರಿಸಿದ್ದಾರೆ. ಅಡ್ಡಗೆರೆ ಇಲ್ಲದ ಇನ್ನೊಂದು ನಂಬರ್ ಸೀರಿಯಲ್.

ಕೇಸ್ ನಂಬರಿನ ಕೊನೆಯ ಅಂಕೆಯನ್ನು ಉದಾಸೀನ ಮಾಡಬೇಡಿ. ಅದು ಹಲವು ಸಲ ಯಾವ ಮಾರುಕಟ್ಟೆಗೆ ಹೋದ ವಾಚ್ ಅಂತ ಹೇಳುತ್ತದೆ. ನೀರಿನಡಿ ಈಜುವವರ ಡೈವಿಂಗ್ ವಾಚ್ 6105-8110 ಮತ್ತು 6105-8119 ನೋಡಲು ಅಣ್ಣ ತಮ್ಮ. 9ರಲ್ಲಿ ಮುಗಿಯುವುದು ಉತ್ತರ ಅಮೆರಿಕಕ್ಕೆ ಹೋದದ್ದು. 1973ರಲ್ಲಿ ಹೊರಟ ಸ್ಕೈಲ್ಯಾಬ್ 4 ಯಾನದಲ್ಲಿ ಅಮೆರಿಕದ ಗಗನಯಾತ್ರಿ ವಿಲಿಯಂ ಪೋಗ್ ಕಟ್ಟಿಕೊಂಡು ಹೋದ ಹಳದಿ ಡಯಲಿನ ಸೀಕೋ 6139-6005. ಅದಕ್ಕೇ ಇವತ್ತು ಹಳದಿ ಡಯಲಿನ 6139 ಕಂಡರೆ ಎಲ್ಲರೂ 'ಪೋಗ್' ಅನ್ನುತ್ತಾರೆ. ಆದರೆ 6002 ಇದ್ದರೆ ಅದು ಪೋಗ್ ಕಟ್ಟಿದ ರೆಫರೆನ್ಸ್ ಅಲ್ಲ. ಮಾರುವವರಿಗೆ ಇದನ್ನು ಹೇಳಿದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ!

ಸೀರಿಯಲ್ ನೋಡಿ ವರ್ಷ ಹೇಳಬಹುದು ಅಂತಾರಲ್ಲ, ಹೇಗೆ?

ಹಳೇ ಸೀಕೋದಲ್ಲಿ ಸೀರಿಯಲ್‌ನ ಮೊದಲ ಅಂಕೆ ವರ್ಷದ ಕೊನೆಯ ಅಂಕೆ, ಎರಡನೆಯದು ತಿಂಗಳು. ಜನವರಿಯಿಂದ ಸೆಪ್ಟೆಂಬರ್ ತನಕ 1ರಿಂದ 9. ಅಕ್ಟೋಬರ್‌ಗೆ ಸೊನ್ನೆ ಅಥವಾ 'ಓ', ನವೆಂಬರ್‌ಗೆ 'ಎನ್', ಡಿಸೆಂಬರ್‌ಗೆ 'ಡಿ'. ಸೀರಿಯಲ್ 32ರಿಂದ ಶುರುವಾದರೆ ವರ್ಷದ ಕೊನೆ 3, ತಿಂಗಳು ಫೆಬ್ರವರಿ. ಸಿಟಿಜನ್‌ನಲ್ಲಿ ಮೊದಲ ಅಂಕೆ ವರ್ಷ, ಆಮೇಲಿನ ಎರಡಂಕೆ ತಿಂಗಳು.

ತೊಡಕು ದಶಕದ್ದು. 3 ಅಂದರೆ 1963, 1973, 1983 ಯಾವುದೂ ಆಗಬಹುದು. ಅದನ್ನು ಮಷೀನ್ ಬಿಡಿಸುತ್ತದೆ. 6139 ಮಷೀನ್ ಬಂದದ್ದೇ 1969ರಲ್ಲಿ, 1970ರ ದಶಕದ ಕೊನೆಗೆ ನಿಂತಿತು. ಹಾಗಾಗಿ 3 ಅಂದರೆ 1973 ಮಾತ್ರ. 9 ಬಂದರೆ? 1969 ಅಥವಾ 1979. ಆಗ ಡಯಲ್ ನೋಡಬೇಕು. ಮೊದಮೊದಲು ಸೀಕೋ 'ವಾಟರ್ 70 ಎಂ ಪ್ರೂಫ್' ಅಂತ ಬರೆಯುತ್ತಿತ್ತು. 1970ರ ಹೊತ್ತಿಗೆ 'ಪ್ರೂಫ್' ಹೋಗಿ 'ರೆಸಿಸ್ಟ್' ಬಂತು. ಆಮೇಲೆ ಡಯಲಿನಿಂದ ಆ ಸಾಲೇ ಮಾಯವಾಯಿತು. 'ಪ್ರೂಫ್' ಇದ್ದರೆ 1969.

ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ನೀಲಿ ಡಯಲಿನ ಒಂದು 6139-6002 ತಂದೆ. ಸೀರಿಯಲ್ 75ರಿಂದ ಶುರು. 1977ರ ಮೇ ತಿಂಗಳದ್ದು ಅಂತ ಖುಷಿಯಿಂದ ಚೀಟಿ ಬರೆದು ಡಬ್ಬಿಯಲ್ಲಿಟ್ಟೆ. ಎರಡು ವರ್ಷ ಹಾಗೇ ಇತ್ತು. ಒಂದು ಮಧ್ಯಾಹ್ನ ಗ್ಲಾಸು ಒರೆಸುವಾಗ ಡಯಲ್ ಕೆಳಗಿನ ಸಾಲು ಕಣ್ಣಿಗೆ ಬಿತ್ತು: 'ವಾಟರ್ 70 ಎಂ ಪ್ರೂಫ್'. ಮುಚ್ಚಳ 1977, ಡಯಲ್ ಅದಕ್ಕಿಂತ ಏಳೆಂಟು ವರ್ಷ ಹಳೆಯದು. ಲೂಪ್ ಹಾಕಿ ನೋಡಿದರೆ ಕೇಸಿನ ಅಂಚೆಲ್ಲ ಸವೆದು ದುಂಡಗಾಗಿದೆ, ಮುಚ್ಚಳದ ಅಕ್ಷರ ಮಾತ್ರ ಹೊಸದರಂತೆ ಚೂಪಾಗಿದೆ. ಯಾರೋ ರಿಪೇರಿಗೆ ಕೊಟ್ಟಾಗ ಮುಚ್ಚಳ ಅದಲು ಬದಲಾಗಿದೆ. ನಾನು ಇಷ್ಟು ದಿನ ಓದಿದ್ದು ಮುಚ್ಚಳದ ವಯಸ್ಸು, ವಾಚಿನದ್ದಲ್ಲ.

ಡಯಲ್ ಮೇಲಿನ ನಂಬರೇ ಬೇರೆ, ಮುಚ್ಚಳದ ನಂಬರೇ ಬೇರೆ. ಮೋಸ ಹೋದೆನಾ?

ಸೀಕೋ ಆಗಿದ್ದರೆ ಗಾಬರಿ ಬೇಡ. ಡಯಲ್ ಕೆಳಗೆ ಅಂಚಿನಲ್ಲಿ, ಅರ್ಧ ಗ್ಲಾಸಿನ ರಿಂಗಿನಡಿ ಅಡಗಿರುವ ನಂಬರ್ ಡಯಲಿನ ಸ್ವಂತ ನಂಬರ್. ಮುಚ್ಚಳ 6139-6002 ಅಂದರೂ ಡಯಲ್ 6139-6030 ಅನ್ನಬಹುದು, ಅದು ಸರಿಯೇ. ಮೊದಲ ನಾಲ್ಕು ಅಂಕೆ ಹೊಂದಬೇಕು, ಕೊನೆಯ ನಾಲ್ಕು ಹೊಂದಲೇಬೇಕಿಲ್ಲ. ಮೊದಲ ನಾಲ್ಕೇ ಬೇರೆಯಾಗಿದ್ದರೆ ಆಗ ಗಾಬರಿಯಾಗಿ.

ಅದೇ ಅಂಚಿನಲ್ಲೋ 6ರ ಮೇಲೋ ಒಂದು ಪುಟ್ಟ ಚಿಹ್ನೆ ಇರಬಹುದು. ಸುಳಿಯಂತೆ ಇದ್ದರೆ ಸುವಾ ಕಾರ್ಖಾನೆ, ಮಿಂಚಿನ ಗೆರೆಯಂತೆ ಇದ್ದರೆ ದೈನಿ ಕಾರ್ಖಾನೆ. ಸೀಕೋದ ಈ ಎರಡು ಕಾರ್ಖಾನೆಗಳು ಒಂದಕ್ಕೊಂದು ಪೈಪೋಟಿಯ ಮೇಲೆ ಬೇರೆ ಬೇರೆ ಮಷೀನ್ ಮಾಡುತ್ತಿದ್ದವು. 6139 ಸುವಾದ್ದು. ಅದರ ಡಯಲ್ ಮೇಲೆ ದೈನಿಯ ಮಿಂಚು ಕಂಡರೆ ಡಯಲ್ ಎಲ್ಲಿಂದಲೋ ಬಂದದ್ದು.

ಒಮೆಗಾ ಹಿಂದೆ ಏನೂ ನಂಬರೇ ಇಲ್ಲ. ನಕಲೀನಾ?

ನಂಬರ್ ಇಲ್ಲ ಅಂತ ನಕಲಿ ಅನ್ನಬೇಡಿ. ಹಳೇ ಒಮೆಗಾದ ರೆಫರೆನ್ಸ್ ಮುಚ್ಚಳದ ಒಳಗಡೆ ಇರುತ್ತದೆ, ಸೀರಿಯಲ್ ಮಷೀನ್ ಮೇಲೆ. 1960ರ ದಶಕದ ಮೊದಲ ವರ್ಷಗಳ ತನಕ ನಾಲ್ಕೈದು ಅಂಕೆಯ ರೆಫರೆನ್ಸ್, 2998 ಅನ್ನುವ ಥರ. ಆಮೇಲೆ ಮೂರಂಕೆ, ಚುಕ್ಕಿ, ಮತ್ತೆ ಮೂರಂಕೆ. ಈ ಅಂಕೆಗಳಿಗೂ ಮೊದಲು ಲೋಹದ ಗುರುತಾಗಿ ಎರಡಕ್ಷರ: 'ಎಸ್‌ಟಿ' ಅಂದರೆ ಸ್ಟೀಲ್, 'ಬಿಎ' ಅಂದರೆ 18 ಕ್ಯಾರಟ್ ಚಿನ್ನ.

ಈ ಹೊಸ ನಂಬರಿನ ಮೊದಲ ಮೂರಂಕೆ ಸುಮ್ನೆ ಇಟ್ಟದ್ದಲ್ಲ. 165 ಅಂದರೆ ತಾರೀಖು ಇಲ್ಲದ ಆಟೋಮ್ಯಾಟಿಕ್, 166 ಅಂದರೆ ತಾರೀಖು ಇರುವುದು. ಹಾಗೆಯೇ ಕಾನ್ಸ್ಟಲೇಷನ್ ಮಾಡೆಲಿನ 167.005 ಮತ್ತು 168.005 ಹೊರಗಿನಿಂದ ಒಂದೇ ಅಚ್ಚು. ಮೊದಲನೆಯದಕ್ಕೆ ತಾರೀಖಿಲ್ಲ, ಎರಡನೆಯದಕ್ಕಿದೆ. ಈಗ ಲೆಕ್ಕ ಹಾಕಿ: ಮುಚ್ಚಳದ ಒಳಗೆ 167.005, ಡಯಲ್ ಮೇಲೆ ತಾರೀಖಿನ ಕಿಟಕಿ. ಎಲ್ಲೋ ಎಡವಟ್ಟಾಗಿದೆ ಅಲ್ವಾ?

ರೋಲೆಕ್ಸ್ ನಂಬರ್ ಎಲ್ಲಿ ಅಡಗಿರುತ್ತದೆ?

ಬೆಲ್ಟು ಅಥವಾ ಚೈನು ಸಿಕ್ಕುವ ಜಾಗದಲ್ಲಿ, ಕೇಸಿನ ಪಕ್ಕೆಯ ಮೇಲೆ. 12ರ ಕಡೆ ರೆಫರೆನ್ಸ್, 6ರ ಕಡೆ ಸೀರಿಯಲ್. ಚೈನು ಬಿಚ್ಚಲೇಬೇಕು. 1950ರಿಂದ 1970ರ ಮೊದಲ ವರ್ಷಗಳ ತನಕದ ಎಷ್ಟೋ ವಾಚ್‌ಗಳಲ್ಲಿ ಮುಚ್ಚಳದ ಒಳಗೆ ಇನ್ನೊಂದು ಗುರುತೂ ಸಿಗುತ್ತದೆ: ರೋಮನ್ ಅಂಕೆಯಲ್ಲಿ ವರ್ಷದ ಕಾಲುಭಾಗ, ಪಕ್ಕದಲ್ಲಿ ವರ್ಷದ ಎರಡಂಕೆ. ರೋಮನ್ ಎರಡು, ಪಕ್ಕದಲ್ಲಿ 67 ಇದ್ದರೆ 1967ರ ಏಪ್ರಿಲ್‌ನಿಂದ ಜೂನ್ ನಡುವಿನ ಮುಚ್ಚಳ.

ಸಬ್‌ಮರಿನರ್‌ನಲ್ಲಿ ಜಾಸ್ತಿ ಕೇಳುವುದು 5512 ಮತ್ತು 5513 ಬಗ್ಗೆ. ಎರಡಕ್ಕೂ ತಾರೀಖಿಲ್ಲ, ಕೇಸೂ ಒಂದೇ ಥರ. 5512ರ ಮಷೀನ್ ಕ್ರೋನೋಮೀಟರ್ ಪರೀಕ್ಷೆ (ಟೈಮ್ ಎಷ್ಟು ನಿಖರ ಅಂತ ನೋಡುವುದು) ಪಾಸಾದದ್ದು, ಹಾಗಾಗಿ ಡಯಲ್ ಕೆಳಗೆ ನಾಲ್ಕು ಸಾಲು. 5513ಕ್ಕೆ ಎರಡೇ ಸಾಲು. ಆದರೆ ಶುರುವಿನ ಕೆಲವು 5512ಗಳಲ್ಲೂ ಎರಡೇ ಸಾಲಿದ್ದವು. ಸಾಲು ಎಣಿಸಿ ತೀರ್ಪು ಕೊಡುವವರು ಇಲ್ಲಿ ಜಾರಿ ಬೀಳುತ್ತಾರೆ.

ಟೈಮೆಕ್ಸ್, ಬುಲೋವಾ ಇದ್ದರೆ?

ಇವೆರಡೂ ಪುಣ್ಯಾತ್ಮರು. ಟೈಮೆಕ್ಸ್ ಡಯಲ್‌ನ ಕೆಳ ಅಂಚಿನಲ್ಲಿ ಸಾಲಾಗಿ ಅಂಕೆಗಳಿರುತ್ತವೆ: ಮೊದಲು ಕ್ಯಾಟಲಾಗ್ ನಂಬರ್, ಆಮೇಲೆ ಎರಡಂಕೆ ಮಷೀನ್, ಕೊನೆಯ ಎರಡಂಕೆ ವರ್ಷ. ಕೊನೆ 2572 ಇದ್ದರೆ 25ನೇ ನಂಬರ್ ಮಷೀನ್, 1972. ಬುಲೋವಾದಲ್ಲಿ ಒಂದು ಅಕ್ಷರ, ಒಂದು ಅಂಕೆ. 'ಎಲ್' 1950ರ ದಶಕ, 'ಎಂ' 1960ರದ್ದು, 'ಎನ್' 1970ರದ್ದು. 'ಎಂ7' ಅಂದರೆ 1967.

ಕಂಡು ಕೇಳರಿಯದ ಕಂಪನಿ ಹೆಸರು. ಯಾವ ಪಟ್ಟಿಯಲ್ಲೂ ಇಲ್ಲ.

ಆಗ ಕಂಪನಿಯನ್ನು ಬಿಡಿ, ಮಷೀನನ್ನು ಹುಡುಕಿ. 20ನೇ ಶತಮಾನದ ನೂರಾರು ಸಣ್ಣ ಸ್ವಿಸ್ ಬ್ರ್ಯಾಂಡ್‌ಗಳು ಮಷೀನ್ ತಾವೇ ಮಾಡುತ್ತಿರಲಿಲ್ಲ. ಇಟಿಎ, ಎಎಸ್, ವಾಲ್‌ಜೂ, ಲ್ಯಾಂಡರಾನ್ ಇಂಥವರಿಂದ ಕೊಂಡು ತಮ್ಮ ಹೆಸರು ಹಾಕುತ್ತಿದ್ದರು. ಮಾಡಿದವರ ಪುಟ್ಟ ಮುದ್ರೆ ಮತ್ತು ಕ್ಯಾಲಿಬರ್ ನಂಬರ್ ಸಾಮಾನ್ಯವಾಗಿ ಬ್ಯಾಲೆನ್ಸ್ ಚಕ್ರದ ಅಡಿ, ತಟ್ಟೆಯ ಮೇಲಿರುತ್ತದೆ. ಓಡುವ ವಾಚ್ ಆದರೆ ಚಕ್ರದ ಸಂದಿನಲ್ಲಿ ಓರೆಯಾಗಿ ಬೆಳಕು ಬಿಟ್ಟು ಓದಬೇಕು. ತಾಳ್ಮೆ ಬೇಕು.

ಮುದ್ರೆ ಸವೆದಿದ್ದರೆ ಮಷೀನಿನ ಅಡ್ಡಗಲ ಅಳೆದು, ವಾಚ್ ಮಷೀನಿಗೆ ಬಳಸುವ ಲಿಗ್ನ್ ಎಂಬ ಅಳತೆಯ ಲೆಕ್ಕಕ್ಕೆ ತನ್ನಿ. ಒಂದು ಲಿಗ್ನ್ ಸುಮಾರು 2.256 ಮಿಲಿಮೀಟರ್. 26 ಮಿ.ಮೀ. ಹತ್ತಿರ ಬಂದರೆ ಹನ್ನೊಂದೂವರೆ ಲಿಗ್ನ್. ಅದಾದ ಮೇಲೂ ಗೊತ್ತಾಗದಿದ್ದರೆ ಡಯಲ್ ತೆಗೆಸಿ, ಟೈಮ್ ಸೆಟ್ ಮಾಡುವ ಭಾಗದ ಸ್ಪ್ರಿಂಗ್ ಆಕಾರ ನೋಡಬೇಕು. ಪ್ರತಿ ಕ್ಯಾಲಿಬರ್‌ಗೂ ಅದರ ವಂಕಿ ಬೇರೆ, ಹೆಬ್ಬೆರಳ ಗುರುತಿನಂತೆ.

ಬ್ಯಾಲೆನ್ಸ್ ಹಿಡಿದಿರುವ ಸೇತುವೆಯ ಮೇಲೆ ಮೂರಕ್ಷರ ಕಂಡರೆ ಅದು ಅಮೆರಿಕಕ್ಕೆ ಆಮದಾದಾಗ ಹಾಕಿದ ಗುರುತು. 'ಓಎಕ್ಸ್‌ಜಿ' ಒಮೆಗಾದ್ದು, 'ಎಲ್ಎಕ್ಸ್‌ಡಬ್ಲ್ಯೂ' ಲಾಂಜಿನ್‌ದು, 'ಆರ್‌ಒಡಬ್ಲ್ಯೂ' ರೋಲೆಕ್ಸ್‌ದು.

## ಡಯಲ್ ಹೇಳುವ ಕಥೆ

6ರ ಕೆಳಗೆ 'ಟಿ ಸ್ವಿಸ್ ಟಿ' ಅಂತ ಇದೆ. ಏನರ್ಥ?

'ಟಿ' ಅಂದರೆ ಟ್ರಿಟಿಯಂ. ಕತ್ತಲಲ್ಲಿ ಹೊಳೆಯಲು ಹಾಕಿದ ವಸ್ತು. ಹೊಳೆಯುವುದಕ್ಕೆಲ್ಲ ನಾವು 'ರೇಡಿಯಂ' ಅಂತೀವಿ, ಆದರೆ ನಿಜವಾದ ರೇಡಿಯಂ ಬಳಕೆ 1960ರ ದಶಕದ ಮೊದಲ ವರ್ಷಗಳಲ್ಲೇ ನಿಲ್ಲುತ್ತಾ ಬಂತು. ಅದರ ಜಾಗಕ್ಕೆ ಬಂದ ಟ್ರಿಟಿಯಂ 1990ರ ದಶಕದ ಕೊನೆಯ ತನಕ ನಡೆಯಿತು. ಆಮೇಲೆ ಬಂದದ್ದು ಲ್ಯೂಮಿನೋವಾ, ಅದರಲ್ಲಿ ವಿಕಿರಣ ಇಲ್ಲ.

ಇದರಿಂದ ಒಂದು ಸುಲಭ ಪರೀಕ್ಷೆ ಸಿಗುತ್ತದೆ. ಟಾರ್ಚಿನ ಬೆಳಕು ಹತ್ತು ಸೆಕೆಂಡು ಬಿಟ್ಟು ದೀಪ ಆರಿಸಿ. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷ, ಹಾಗಾಗಿ 1970ರ ಡಯಲ್‌ನಲ್ಲಿ ಈಗ ಶಕ್ತಿ ಉಳಿದಿರುವುದಿಲ್ಲ. ಮಿಣಕ್ ಅಂತ ಹೊಳೆದು ಆರಬಹುದು. ಅರ್ಧ ಗಂಟೆ ಹಸಿರಾಗಿ ಬೆಳಗುತ್ತಿದ್ದರೆ ಹೊಸದಾಗಿ ಬಳಿದದ್ದು. ಮುಳ್ಳು ಬೆಳಗಿ ಡಯಲ್ ಬೆಳಗದಿದ್ದರೆ ಮುಳ್ಳು ಬದಲಾಗಿದೆ.

ರೇಡಿಯಂ ಡಯಲ್ ಈಗ ಹೊಳೆಯುವುದಿಲ್ಲ. ಅಂದ್ರೆ ಅಪಾಯ ಇಲ್ಲ ತಾನೆ?

ಇದೆ. ಸತ್ತದ್ದು ಹೊಳೆಯುವ ಪುಡಿ, ರೇಡಿಯಂ ಅಲ್ಲ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಮುಚ್ಚಿದ ವಾಚ್ ಬಿಡಿ, ಬಿಚ್ಚಿದಾಗ ಪುಡಿ ಉದುರಿ ಉಸಿರಿಗೋ ಬೆರಳಿಗೋ ಹತ್ತುವುದೇ ಅಪಾಯ. 1960ರ ದಶಕದ ಮೊದಲ ವರ್ಷಗಳ ಅಥವಾ ಅದಕ್ಕೂ ಹಳೇ ವಾಚು, ಅಂಕೆಗಳ ಮೇಲೆ ಸುಟ್ಟ ಬೆಲ್ಲದ ಬಣ್ಣದ ಒಡಕು ಲೇಪ ಇದ್ದರೆ ಮನೆಯಲ್ಲಿ ಬಿಚ್ಚಬೇಡಿ, ಕೆರೆಯಬೇಡಿ, ಊದಬೇಡಿ.

ಡಯಲ್ ಮತ್ತೆ ಪೇಂಟ್ ಮಾಡಿದ್ದಾರಾ ಅಂತ ಹೇಗೆ ಗೊತ್ತಾಗುತ್ತದೆ?

ಹೊಸದರಂತೆ ಫಳಫಳ ಅನ್ನುತ್ತಿದ್ದರೆ ಅದೇ ಮೊದಲ ಅನುಮಾನ. ಕೇಸು ಸವೆದು, ಗ್ಲಾಸು ಗೀರಾಗಿ, ಡಯಲ್ ಮಾತ್ರ ನಿನ್ನೆ ಹುಟ್ಟಿದಂತಿದೆ ಅಂದರೆ ನಂಬುವುದು ಕಷ್ಟ.

ಲೂಪ್ ಹಾಕಿ. ಕಾರ್ಖಾನೆಯ ಮುದ್ರಣದಲ್ಲಿ ಶಾಯಿ ಡಯಲ್ ಮೇಲೆ ಸ್ವಲ್ಪ ಉಬ್ಬಿ ನಿಂತಿರುತ್ತದೆ, ಅಕ್ಷರದ ತುದಿ ಚೂಪಾಗಿರುತ್ತದೆ. ಮರುಪೇಂಟ್‌ನಲ್ಲಿ ತುದಿಗಳು ಮೊಂಡು, ಕೆಲವು ಅಕ್ಷರ ಕುಳ್ಳ, ಕೆಲವು ಉದ್ದ. ನಿಮಿಷದ ಗೆರೆಗಳನ್ನು ಒಂದೊಂದಾಗಿ ನೋಡಿ. 12, 3, 6, 9ರ ಲೋಹದ ಗುರುತಿನ ನೇರಕ್ಕೆ ಗೆರೆ ಬರಬೇಕು. ಒಂದು ಕಡೆ ಸರಿಯಾಗಿದ್ದು ಇನ್ನೊಂದು ಕಡೆ ಜಾರಿದ್ದರೆ ಕೈಕೆಲಸ. ಕೆಳ ಅಂಚಿನ 'ಸ್ವಿಸ್' ಎಂಬ ಪುಟ್ಟ ಪದವನ್ನು ಮರುಪೇಂಟ್ ಮಾಡುವವರು ಎಷ್ಟೋ ಸಲ ಮರೆಯುತ್ತಾರೆ, ಇಲ್ಲವೇ ತೀರಾ ಒಳಗೆ ತರುತ್ತಾರೆ. ನಿಮಿಷದ ಮುಳ್ಳಿನ ತುದಿ ನಿಮಿಷದ ಗೆರೆಗಳ ತನಕ ಮುಟ್ಟುತ್ತಿದೆಯಾ ಅಂತಲೂ ನೋಡಿ. ಗಿಡ್ಡ ಮುಳ್ಳು ಬೇರೆ ವಾಚಿನದ್ದು.

ನನ್ನನ್ನು ಕೇಳಿದರೆ, ಕಲೆ ಬಿದ್ದ ಅಸಲಿ ಡಯಲ್ ಹೊಸ ಪೇಂಟಿಗಿಂತ ಎಷ್ಟೋ ಮೇಲು. ಕಲೆಯಲ್ಲೂ ಮಾಡೆಲ್ ಓದಬಹುದು, ಪೇಂಟಿನಲ್ಲಿ ಪೇಂಟರ್ ಊಹಿಸಿದ್ದನ್ನಷ್ಟೇ ಓದಬಹುದು.

## ಸ್ವಲ್ಪ ಆಳಕ್ಕೆ

ರೆಫರೆನ್ಸ್ ಸಿಕ್ಕಿತು. ಆದರೆ ಅದೇ ರೆಫರೆನ್ಸಿನ ವಾಚ್‌ಗಳು ಒಂದೊಂದು ಫೋಟೋದಲ್ಲಿ ಒಂದೊಂದು ಥರ ಇವೆ. ನನ್ನದು ಯಾವುದು?

ಮಜಾ ಇರುವುದೇ ಇಲ್ಲಿ. ಒಂದು ರೆಫರೆನ್ಸ್ ಹತ್ತು ವರ್ಷ ನಡೆದರೆ ಅಷ್ಟರಲ್ಲಿ ಡಯಲ್, ಮುಳ್ಳು, ಬೆಜೆಲ್ (ಗ್ಲಾಸಿನ ಸುತ್ತಲಿನ ಬಳೆ) ಎಲ್ಲ ಸದ್ದಿಲ್ಲದೆ ಬದಲಾಗಿರುತ್ತವೆ. ಒಮೆಗಾ ಸ್ಪೀಡ್‌ಮಾಸ್ಟರ್ ತೆಗೆದುಕೊಳ್ಳಿ. 1957ರಲ್ಲಿ ಬಂದ ವಾಚು. ದೂರದಿಂದ ನೋಡಿದರೆ 1960ರ ದಶಕದ್ದೆಲ್ಲ ಕಪ್ಪು ಡಯಲ್, ಮೂರು ಸಣ್ಣ ವೃತ್ತ, ಅಷ್ಟೆ. ಹತ್ತಿರ ಬನ್ನಿ.

105.003 ಅಂದರೆ ಬೆಲ್ಟು ಸಿಕ್ಕಿಸುವ ಕಾಲುಗಳು ನೇರವಾಗಿರುವ ಕೇಸು. ಗುಬ್ಬಿಗೆ ಪಕ್ಕದಲ್ಲಿ ರಕ್ಷಣೆ ಇಲ್ಲ. 105.012ಕ್ಕೆ ಬಲಗಡೆ ಕೇಸು ಉಬ್ಬಿ ಗುಬ್ಬಿಯನ್ನು ಕಾಯುತ್ತದೆ, ಡಯಲ್ ಮೇಲೆ 'ಪ್ರೊಫೆಷನಲ್' ಪದ ಸೇರಿದೆ. 145.012 ಒಳಗೆ 321 ಮಷೀನ್. 1968ರಲ್ಲಿ ಮಷೀನ್ 861 ಆಗಿ ರೆಫರೆನ್ಸ್ 145.022 ಆಯಿತು. 321ರಲ್ಲಿ ಕ್ರೋನೋಗ್ರಾಫ್ ಗುಂಡಿಗಳ ಹುಕುಂ ನಡೆಸುವುದು ಕೋಟೆಗೋಡೆಯಂತೆ ಹಲ್ಲುಗಳಿರುವ ಚಕ್ರ. 861ರಲ್ಲಿ ಅದರ ಬದಲು ಕ್ಯಾಮ್ ಎಂಬ ಉಬ್ಬುತಗ್ಗಿನ ತಟ್ಟೆ. ಮುಚ್ಚಳ ತೆಗೆದರೆ ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

145.022 ಆದ ಮೇಲೂ ಮುಗಿಯಲಿಲ್ಲ. ಬಾಲದಲ್ಲಿ -68 ಇದ್ದರೆ ಡಯಲ್ ಮೇಲಿನ ಒಮೆಗಾ ಚಿಹ್ನೆ ಅಂಟಿಸಿದ ಲೋಹದ್ದು. -69ರಲ್ಲಿ ಮುದ್ರಿಸಿದ್ದು. ಬೆರಳಷ್ಟೂ ಅಲ್ಲದ ಜಾಗ, ಆದರೆ ಲೂಪಿನಲ್ಲಿ ಲೋಹದ ಚಿಹ್ನೆ ನೆರಳು ಬೀಳಿಸುತ್ತದೆ, ಶಾಯಿ ಬೀಳಿಸುವುದಿಲ್ಲ.

ಇನ್ನು ಬೆಜೆಲ್. ಅದರ ಮೇಲೆ ವೇಗ ಅಳೆಯುವ ಅಂಕೆಗಳಿವೆ. 90ರ ಹತ್ತಿರ ಒಂದು ಚುಕ್ಕಿ ಇದೆ. ಹಳೇ ಬೆಜೆಲ್‌ನಲ್ಲಿ ಚುಕ್ಕಿ 90ರ ತಲೆಯ ಮೇಲೆ, 1970ರ ಆಸುಪಾಸಿನ ನಂತರದ್ದರಲ್ಲಿ 90ರ ಪಕ್ಕದಲ್ಲಿ. ಆ ಒಂದು ಚುಕ್ಕಿಗಾಗಿ ಜನ ನಿದ್ದೆ ಬಿಡುತ್ತಾರೆ. ಬೆಜೆಲ್ ಬದಲಾಯಿಸುವುದು ಸುಲಭ ಆದ್ದರಿಂದ ಚುಕ್ಕಿ ನೋಡಿ ವಾಚಿನ ವಯಸ್ಸು ಹೇಳಬೇಡಿ. ವಾಚಿನ ವಯಸ್ಸು ಗೊತ್ತಾದ ಮೇಲೆ ಬೆಜೆಲ್ ಅದಕ್ಕೆ ಸೇರಿದ್ದಾ ಅಂತ ನೋಡಿ.

ಬಿಡಿಭಾಗ ಬದಲಾಗಿದ್ದರೆ ವಾಚ್ ನಕಲಿ ಅಂತಲೇ?

ಮೂರು ಬೇರೆ ಬೇರೆ ವಿಷಯ ಇವು. ಕಂಪನಿಯ ಸರ್ವಿಸ್‌ನಲ್ಲಿ ಹಳೇ ಮುಳ್ಳು ತೆಗೆದು ಹೊಸದು ಹಾಕಿದರೆ ಅದು ಸರ್ವಿಸ್ ಭಾಗ. ವಾಚ್ ಅಸಲಿಯೇ, ಆದರೆ ಹುಟ್ಟಿದಾಗಿನ ರೂಪ ಅಲ್ಲ. ಮೂರು ವಾಚ್‌ಗಳ ಅಸಲಿ ಭಾಗ ಕೂಡಿಸಿ ಒಂದು ಮಾಡಿದರೆ ಅದನ್ನು ಸಂಗ್ರಹಕಾರರು 'ಫ್ರಾಂಕನ್' ಅನ್ನುತ್ತಾರೆ. ಹೊಸದಾಗಿ ಅಚ್ಚು ಹಾಕಿದ ಡಯಲ್, ಕೇಸು ಇದ್ದರೆ ಅದೇ ನಕಲಿ.

ಗುರುತು ಹಚ್ಚುವಾಗ ಭಾಗಗಳಿಗೆ ಒಂದೇ ತೂಕ ಕೊಡಬೇಡಿ. ಗುಬ್ಬಿ, ಗ್ಲಾಸು, ಬೆಲ್ಟು ಹೇಗೂ ಬದಲಾಗುತ್ತವೆ, ಅವುಗಳ ಸಾಕ್ಷಿ ಹಗುರ. ಮುಳ್ಳು, ಬೆಜೆಲ್, ಮುಚ್ಚಳ ನಡುವಿನವು. ನಡುಕೇಸು ಮತ್ತು ಮಷೀನಿನ ಮುಖ್ಯ ತಟ್ಟೆ ಬದಲಾಗುವುದು ಅಪರೂಪ. ಜಗಳ ಬಂದಾಗ ನಾನು ಇವೆರಡರ ಮಾತು ಕೇಳುತ್ತೇನೆ.

ಡಯಲೇ ಇಲ್ಲದ ಅಕ್ಯುಟ್ರಾನ್ ಇದೆ, ಒಳಗಿನದೆಲ್ಲ ಕಾಣುತ್ತದೆ. ಇದು ಸ್ಪೇಸ್‌ವ್ಯೂ ಅಲ್ವಾ?

ಇರಬಹುದು, ಇಲ್ಲದೆಯೂ ಇರಬಹುದು. ಬುಲೋವಾ 1960ರಲ್ಲಿ ತಂದ ಅಕ್ಯುಟ್ರಾನ್‌ನಲ್ಲಿ ಬ್ಯಾಲೆನ್ಸ್ ಚಕ್ರ ಇಲ್ಲ. ಸೆಕೆಂಡಿಗೆ 360 ಸಲ ಕಂಪಿಸುವ ಟ್ಯೂನಿಂಗ್ ಫೋರ್ಕ್ ಇದೆ. ಕಿವಿಗೆ ಹಿಡಿದರೆ ಟಿಕ್ ಟಿಕ್ ಬದಲು ಜೇನ್ನೊಣದ ಗುಂಯ್ ಶಬ್ದ. ಆ ಫೋರ್ಕ್ ತೋರಿಸಲು ಡಯಲ್ ಇಲ್ಲದೆ ಮಾಡಿದ್ದೇ ಸ್ಪೇಸ್‌ವ್ಯೂ. ಅದಕ್ಕೆ ಬೇಡಿಕೆ ಬಂದ ಮೇಲೆ ಮಾಮೂಲಿ ಅಕ್ಯುಟ್ರಾನ್‌ನ ಡಯಲ್ ಕಿತ್ತು ಸ್ಪೇಸ್‌ವ್ಯೂ ಮಾಡುವ ಚಾಳಿ ಶುರುವಾಯಿತು.

ಮೊದಲು ಮಷೀನ್ ನೋಡಿ. 214 ಆದರೆ ಪಕ್ಕದಲ್ಲಿ ಗುಬ್ಬಿ ಇರುವುದಿಲ್ಲ, ಟೈಮ್ ಸೆಟ್ ಮಾಡಲು ಹಿಂದುಗಡೆ ಮಡಚುವ ಹಿಡಿ ಇರುತ್ತದೆ. 218 ಆದರೆ 4ರ ಹತ್ತಿರ ಗುಬ್ಬಿ. ಆಮೇಲೆ ಗ್ಲಾಸು. 214ರ ಅಸಲಿ ಸ್ಪೇಸ್‌ವ್ಯೂಗಳಲ್ಲಿ ಬಹಳಷ್ಟರ ಗಂಟೆ ಗುರುತುಗಳು ಗ್ಲಾಸಿನ ಒಳಮೈ ಮೇಲೇ ಮುದ್ರಣವಾಗಿವೆ. ವಾಚನ್ನು ಓರೆ ಮಾಡಿದಾಗ ಗುರುತುಗಳು ಮಷೀನಿನ ಮೇಲೆ ತೇಲುತ್ತಿರುವಂತೆ ಕಾಣಬೇಕು.

ಕಂಪನಿಗೇ ಬರೆದು ಕೇಳಬಹುದಾ?

ಕೆಲವರಿಗೆ ಬರೆಯಬಹುದು. ಲಾಂಜಿನ್ ಮತ್ತು ಪಟೆಕ್ ಫಿಲಿಪ್ ತಮ್ಮ ಹಳೇ ದಾಖಲೆ ಪುಸ್ತಕಗಳನ್ನು ನೋಡಿ ಸಾರ ಕೊಡುತ್ತವೆ. ಸೀರಿಯಲ್ ಕಳಿಸಿದರೆ ಆ ಮಷೀನ್ ಯಾವ ಥರದ ವಾಚಿನಲ್ಲಿ, ಯಾವಾಗ ಹೊರಬಿತ್ತು ಅಂತ ತಿಳಿಯುತ್ತದೆ. ನೆನಪಿಡಿ, ಪುಸ್ತಕ ಹೇಳುವುದು ಅವತ್ತು ಹೊರಟ ವಾಚಿನ ಬಗ್ಗೆ. ದಾಖಲೆಯಲ್ಲಿ ಚಿನ್ನದ ಕೇಸು ಅಂತಿದ್ದು ನಿಮ್ಮದು ಸ್ಟೀಲಾಗಿದ್ದರೆ, ಮಷೀನ್ ನಡುವೆ ಎಲ್ಲೋ ಮನೆ ಬದಲಿಸಿದೆ.

ತಿಳಿದವರಿಗೆ ಕಳಿಸಲು ಫೋಟೋ ಹೇಗೆ ತೆಗೆಯಲಿ?

ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ. ಡಯಲ್ ನೇರ ಮೇಲಿನಿಂದ ಒಂದು, ಓರೆಯಾಗಿ ಒಂದು, 6ರ ಕೆಳಗಿನ ಅಂಚು ಹತ್ತಿರದಿಂದ ಒಂದು. ಮುಚ್ಚಳದ ಎರಡೂ ಬದಿ, ಮಷೀನ್, ಬೆಲ್ಟಿಲ್ಲದ ಕೇಸಿನ ಪಕ್ಕೆ. ಮುಳ್ಳುಗಳು ಡಯಲ್ ಅಕ್ಷರ ಮುಚ್ಚದ ಹಾಗೆ 10 ಗಂಟೆ 10 ನಿಮಿಷಕ್ಕೆ ನಿಲ್ಲಿಸಿ. ಸೀರಿಯಲ್‌ನ ಕೊನೆಯ ಮೂರಂಕೆ ಬೇಕಾದರೆ ಬೆರಳಲ್ಲಿ ಮುಚ್ಚಿ, ವರ್ಷ ಹೇಳಲು ಮೊದಲ ಅಂಕೆಗಳೇ ಸಾಕು.

ಇಷ್ಟೆಲ್ಲ ಮಾಡಿಯೂ ಗೊತ್ತಾಗದಿದ್ದರೆ?

ಗೊತ್ತಾದಷ್ಟನ್ನು ಬರೆದಿಡಿ. ನನ್ನ ಆ ನೀಲಿ ಸೀಕೋ ಡಬ್ಬಿಯಲ್ಲಿ ಈಗಿರುವ ಚೀಟಿ ಹೀಗಿದೆ: "ಮಷೀನ್ 6139. ಡಯಲ್ 1969 ಅಥವಾ 70, ಮರುಪೇಂಟ್ ಅಲ್ಲ. ಕೇಸು ಡಯಲಿನ ಜೊತೆಯದೇ ಇರಬೇಕು, ಸವೆತ ಹೊಂದುತ್ತದೆ. ಮುಚ್ಚಳ 1977, ಬೇರೆ ವಾಚಿನದ್ದು. ಸೆಕೆಂಡ್ ಮುಳ್ಳು ಅನುಮಾನ." ಹಳೇ ಚೀಟಿಯನ್ನೂ ಹರಿದಿಲ್ಲ, ಇದರ ಕೆಳಗೇ ಇದೆ.